ರಾಜಾನುಕುಂಟೆಯ ಲಂಡನ್ ಮೇಜು

ಬ್ಯಾಟರಾಯನಪುರ
12 ನವೆಂಬರ್ 2025, ಬುಧವಾರ

ನನ್ನ ಮಗಳು ಮಧುಶ್ರೀಗೆ,

ಅಪ್ಪನ ಆಶೀರ್ವಾದಗಳು. ನಾನೂ ನಿನ್ನಮ್ಮನೂ ಚೆನ್ನಾಗಿದ್ದೇವೆ. ಅವಳ ಮಂಡಿನೋವು ಎಂದಿನಂತೆ, ನನ್ನ ಕೆಮ್ಮೂ ಎಂದಿನಂತೆ. ಯಲಹಂಕದಲ್ಲಿರುವ ಮಗಳಿಗೆ ಬ್ಯಾಟರಾಯನಪುರದಿಂದ ಕಾಗದ ಬರೆಯುವ ಅಪ್ಪ ಈ ಬೆಂಗಳೂರಿಗೆಲ್ಲ ನಾನೊಬ್ಬನೇ ಇರಬೇಕು. ನಗಬೇಡ. ಫೋನ್ ಮಾಡಿದರೆ ನೀನು ‘ಡ್ರೈವ್ ಮಾಡ್ತಿದೀನಪ್ಪ, ಬೇಗ ಹೇಳು’ ಎನ್ನುತ್ತೀಯ. ಇದು ಬೇಗ ಹೇಳಿ ಮುಗಿಸುವ ವಿಷಯವಲ್ಲ. ಎದುರಿಗೆ ಬಂದು ಕೂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಸೋಮವಾರವೇ ಬರೆಯಬೇಕಿತ್ತು, ಎರಡು ಸಲ ಬರೆದು ಹರಿದುಹಾಕಿದೆ. ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾಳೆ ನಿನ್ನಮ್ಮ ಹುರುಳಿಕಾಳಿನ ಸಾರು ತರುತ್ತಾಳಲ್ಲ, ಅದೇ ಚೀಲದಲ್ಲಿ ಈ ಕಾಗದ ಇರುತ್ತದೆ. ಶನಿವಾರ ವನಿತಾ ಅವರಿಗೆ ‘ಅಸಲಿ’ ಎಂದು ಕೊಡುವ ಸರ್ಟಿಫಿಕೇಟಿಗೆ ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದು.

ಮೊದಲು ಭಾನುವಾರದ ಸಂತೋಷವನ್ನು ಹೇಳಿಬಿಡುತ್ತೇನೆ. ‘ನಾನ್ ಕೆಲ್ಸ ಮಾಡೋದನ್ನ ಒಂದ್ಸಲ ಬಂದ್ ನೋಡಿ’ ಎಂದು ನೀನು ನಮ್ಮಿಬ್ಬರನ್ನೂ ರಾಜಾನುಕುಂಟೆಗೆ ಕರೆದುಕೊಂಡು ಹೋದೆಯಲ್ಲ, ಅಲ್ಲಿಗೆ ತಲುಪುವವರೆಗೂ ನಿನ್ನ ಕೆಲಸ ಏನು ಎನ್ನುವುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಹಳೇ ಸಾಮಾನು ಕೊಳ್ಳುವವರಿಗೆ ಇದು ಅಸಲಿ, ಇದು ನಕಲಿ ಎಂದು ಹೇಳುತ್ತಾಳೆ ಎಂದಷ್ಟೇ ಬೀದಿಯವರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ವನಿತಾ ಅವರು ಅಷ್ಟು ದೊಡ್ಡ ತೋಟದ ಮನೆಯನ್ನು ಅತಿಥಿಗೃಹ ಮಾಡುತ್ತಿದ್ದಾರೆ, ಒಳಗಿನ ಕುರ್ಚಿ, ಕನ್ನಡಿ, ದೀಪ ಎಲ್ಲ ವಿಕ್ಟೋರಿಯಾ ಕಾಲದ್ದೇ ಆಗಬೇಕೆಂದು ಹಟ ಹಿಡಿದಿದ್ದಾರೆ. ಆದರೂ ನಿನ್ನ ಮಾತಿಲ್ಲದೆ ಒಂದು ಸ್ಟೂಲನ್ನೂ ಕೊಳ್ಳುವುದಿಲ್ಲ ಎಂದರಲ್ಲ! ನಿನ್ನಮ್ಮ ನನ್ನ ಪಕ್ಕೆಗೆ ತಿವಿದ ಏಟಿನ ನೋವು ಇನ್ನೂ ಹೋಗಿಲ್ಲ.

ಆ ಗುಂಡು ಮೇಜಿನ ಸಂಗತಿ. ವ್ಯಾಪಾರಿ ಅದನ್ನು ಹೊಗಳುತ್ತಲೇ ಇದ್ದ. ನೀನು ಅವನ ಮಾತು ಕೇಳಿಸಿಕೊಳ್ಳದೆ ಟೇಪು ತೆಗೆದು ಒಂದು ಸಲ ಮರದೆಳೆಯ ಉದ್ದಕ್ಕೆ, ಒಂದು ಸಲ ಎಳೆಗೆ ಅಡ್ಡಕ್ಕೆ ಅಳೆದೆ. ಎರಡೂ ಒಂದೇ ಬಂತು. ‘ಮೇಡಂ, ಇದು ಬೇಡ. ನೂರೈವತ್ತು ವರ್ಷ ಆಗಿದ್ರೆ ಮರ ಅಡ್ಡಕ್ಕೆ ಸ್ವಲ್ಪನಾದ್ರೂ ಕುಗ್ಗಿರ್ಬೇಕಿತ್ತು. ಇಷ್ಟು ರೌಂಡಾಗಿದೆ ಅಂದ್ರೆ ಮೊನ್ನೆ ಮೊನ್ನೆ ಮಾಡಿರೋದು’ ಎಂದೆ. ಅವನ ಮುಖ ಹುಳ್ಳಗಾಯಿತು. ನಲವತ್ತೈದು ವರ್ಷ ಮರಕ್ಕೆ ಉಳಿಯಿಟ್ಟವನು ನಾನು, ಮರ ಕುಗ್ಗುತ್ತದೆಂದು ನನಗೂ ಗೊತ್ತು. ಆದರೆ ಗುಂಡು ಮೇಜಿಗೆ ಟೇಪು ಹಿಡಿದರೆ ಅದರ ವಯಸ್ಸು ಗೊತ್ತಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ಗೊತ್ತಿಲ್ಲದ್ದು ಮಗಳಿಗೆ ಗೊತ್ತಿದೆ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಆ ವ್ಯಾಪಾರಿಯನ್ನೇ ಹಿಡಿದು ಹೇಳಿಬಿಡೋಣ ಅನ್ನಿಸಿತು, ‘ನನ್ ಮಗಳು ಕಣಯ್ಯಾ’ ಎಂದು.

ಆಮೇಲೆ ಎರಡನೆಯ ವ್ಯಾಪಾರಿ ತಂದಿದ್ದ ಬರೆಯುವ ಮೇಜಿನ ಹತ್ತಿರ ಹೋದೆ. ಇಳಿಜಾರು ಮುಚ್ಚಳ, ಅದರ ಮೇಲೆ ಹಸಿರು ಚರ್ಮ, ಬಲಪಕ್ಕದಲ್ಲಿ ನಾಲ್ಕು ಡ್ರಾಯರ್, ಮುಂದೆ ಕಡೆದ ಎರಡು ಕಾಲು. ನೀನು ಹೊಸ ಚೂಡಿದಾರದಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚು ಹಿಡಿದು ಅದರ ಅಡಿಗೆ ಹೋದೆ. ಅಲ್ಲಿಂದಲೇ ಒಂದೊಂದಾಗಿ ಹೇಳಿದೆ. ಡ್ರಾಯರಿನ ಮೂಲೆಯಲ್ಲಿ ಕಚ್ಚಿಕೊಂಡಿರುವ ಹಲ್ಲುಗಳು ಒಂದರಂತೆ ಒಂದಿಲ್ಲ, ಆದ್ದರಿಂದ ಕೈಯಲ್ಲೇ ಕೊರೆದದ್ದು. ಗರಗಸದ ಗೆರೆಗಳು ನೇರವಾಗಿವೆ, ಯಂತ್ರದ ಚಕ್ರ ಕೊಯ್ದ ಹಾಗೆ ಬಾಗಿಲ್ಲ. ತಿರುಪಿನ ತಲೆಯ ಗೀರು ನಡುಮಧ್ಯದಲ್ಲಿಲ್ಲ, ಅದೂ ಯಂತ್ರದ್ದಲ್ಲ. ಡ್ರಾಯರ್ ಜಾರುವ ಅಂಚು ಸವೆದಿದೆ. ಮರದ ಒಳಮೈ ಗಾಳಿ ಕುಡಿದು ಕಪ್ಪಾಗಿದೆ. ಆ ಐದೂ ನಾನೇ ನಿನಗೆ ಕಲಿಸಿದ್ದು. ಸ್ಕೂಲ್ ರಜೆಯಲ್ಲಿ ರಿಪೇರಿಗೆ ಬಂದ ಬೀರುಗಳ ಒಳಗೆ ನಿನ್ನನ್ನು ಕೂರಿಸಿ ತೋರಿಸುತ್ತಿದ್ದೆನಲ್ಲ. ಒಂದನ್ನೂ ಮರೆತಿಲ್ಲ ನೀನು. ಎದ್ದು ಧೂಳು ಕೊಡವಿಕೊಂಡು, ‘ಲಂಡನ್ನಿಂದು ಮೇಡಂ, 1870ರ ಆಸುಪಾಸು. ಮಾಡಿದವನ ಕೈ ಎಂಥದ್ದು ನೋಡಿ’ ಎಂದೆ.

ಮಧು, ಆ ಮೇಜು ಲಂಡನ್ನಿನದಲ್ಲ. ನಮ್ಮ ಬ್ಯಾಟರಾಯನಪುರದ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ 1994ರಲ್ಲಿ ನಾನು ಮಾಡಿದ್ದು.

ಈಗ ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ, ಓದುತ್ತಾ ಹೋಗು. ಯಶವಂತಪುರದಲ್ಲಿ ಹಳೇ ಸಾಮಾನಿನ ಗೋದಾಮು ಇಟ್ಟಿದ್ದ ಮುನಿಕೃಷ್ಣಪ್ಪ ನೆನಪಿದ್ದಾನಾ? ನಿನಗೆ ಬೆಲ್ಲದ ಮಿಠಾಯಿ ಕೊಡುತ್ತಿದ್ದನಲ್ಲ, ಈಗಿಲ್ಲ, ತೀರಿಕೊಂಡ. ಅವನು ಒಂದು ಲಂಡನ್ ಮೇಜಿನ ಫೋಟೋ ತಂದು, ‘ಬ್ಯಾಟರಾಯಪ್ಪ, ಪಾರ್ಟಿ ಒಬ್ರು ಇಂತದ್ದೇ ಬೇಕು ಅಂತವ್ರೆ, ಆಯ್ತದಾ?’ ಎಂದು ಕೇಳಿದ. ಆಗುತ್ತದೆ ಎಂದೆ. ಒಡೆದುಹಾಕಿದ ಬಂಗಲೆಯ ಬೀಟೆ ಮಂಚ, ಬೀರುಗಳ ಹಲಗೆ, ತಿರುಪು ಎಲ್ಲ ಅವನೇ ತಂದುಕೊಟ್ಟ. ಹಾಗಾಗಿ ಮರ ನಿಜವಾಗಿಯೂ ಹಳೆಯದೇ, ತಿರುಪೂ ಹಳೆಯದೇ. ಹಲ್ಲುಗಳು ಒಂದರಂತೆ ಒಂದಿಲ್ಲದಿರುವುದಕ್ಕೆ ಕಾರಣ ನನ್ನ ಹತ್ತಿರ ಯಂತ್ರವಿರಲಿಲ್ಲ, ಅಷ್ಟೆ. ಡ್ರಾಯರಿನ ಅಂಚು ಸವೆದದ್ದು ನಿನ್ನಮ್ಮನ ಕೆಲಸ. ಬಿಗಿಯಾಗಿದೆ ಎಂದು ನಾನು ಗೊಣಗಿದ್ದಕ್ಕೆ ಮರಳುಪುಡಿ ಹಾಕಿಕೊಂಡು, ಸಂಜೆ ಟೀವಿ ನೋಡುತ್ತಾ, ನಾಲ್ಕೂ ಡ್ರಾಯರುಗಳನ್ನು ತಿಂಗಳುಗಟ್ಟಲೆ ಎಳೆದು ತಳ್ಳಿದಳು. ಚರ್ಮದ ಮೂಲೆಯಲ್ಲಿನ ಮಸಿಯ ಕಲೆ ತೋರಿಸಿ, ಯಾವ ಇಂಗ್ಲಿಷ್ ಗುಮಾಸ್ತ ಚೆಲ್ಲಿದನೋ ಎಂದೆಯಲ್ಲ, ಅದನ್ನು ಚೆಲ್ಲಿದವಳು ನೀನೇ. ನಾಲ್ಕು ವರ್ಷದವಳು, ಏಟು ತಿಂದೂ ಇದ್ದೆ.

ಮಾಡುವಾಗ ನನಗೆ ಅದು ಮೋಸವೆಂದು ಗೊತ್ತಿರಲಿಲ್ಲ. ಮೇಜು ಒಪ್ಪಿಸಿ ಎರಡು ತಿಂಗಳ ಮೇಲೆ ಗೋದಾಮಿಗೆ ಹೋದಾಗ ಅದಕ್ಕೆ ‘ಲಂಡನ್, 1870’ ಎಂಬ ಚೀಟಿ ಕಟ್ಟಿತ್ತು. ಸೂಟು ಹಾಕಿದವನೊಬ್ಬ ಅದರ ಸುತ್ತ ಸುತ್ತುತ್ತಾ, ಈಗಿನವರಿಗೆ ಇದು ಬರುವುದಿಲ್ಲ ಎಂದು ತಲೆದೂಗುತ್ತಿದ್ದ. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಎದೆಯುಬ್ಬಿತು. ಅದೇ ನನ್ನ ತಪ್ಪು. ಆಮೇಲೆ ಇನ್ನೂ ನಾಲ್ಕು ಮಾಡಿದೆ, ಎಲ್ಲ ಗೊತ್ತಿದ್ದೇ ಮಾಡಿದೆ. ಅವು ಎಲ್ಲಿವೆಯೋ ತಿಳಿಯದು. ನೀನು ಬೀರುಗಳ ಒಳಗೆ ಕೂತು ‘ಇದ್ಯಾಕಪ್ಪ, ಅದ್ಯಾಕಪ್ಪ’ ಎಂದು ಕೇಳಲು ಶುರುಮಾಡಿದ ವರ್ಷ ನಿಲ್ಲಿಸಿದೆ. ನಿನಗೆ ಅಸಲಿ ಯಾವುದೆಂದು ತೋರಿಸಿದ ಕೈಯಲ್ಲೇ ನಕಲಿ ಮಾಡಲು ಆಗಲಿಲ್ಲ.

ಈಗ ಪತ್ತೆಹಚ್ಚುವ ದಾರಿ ಹೇಳುತ್ತೇನೆ. ನಿನ್ನ ಕಣ್ಣು ತಪ್ಪಲಿಲ್ಲ, ನಾನು ಕಲಿಸಿದ್ದರಲ್ಲೇ ಒಂದು ಕಡಿಮೆಯಿತ್ತು. ಐದು ಹೇಳಿಕೊಟ್ಟೆ, ಆರನೆಯದನ್ನು ಬಚ್ಚಿಟ್ಟೆ. ಹೊಸ ಸಾಮಾನಿಗೆ ಮೊದಲ ಕಾಲು ಕೂರಿಸುವಾಗ ಅದು ಕೂರುವ ಕುಳಿಗೆ ಅರಿಶಿನ ಸವರಿ ಕುಂಕುಮದ ಬೊಟ್ಟು ಇಡದೆ ನಾನು ಯಾವತ್ತೂ ಕೆಲಸ ಶುರುಮಾಡಿದವನಲ್ಲ. ನನಗೆ ಕಲಿಸಿದ ಮೇಸ್ತ್ರಿ ಹಾಗೆ ಮಾಡುತ್ತಿದ್ದರು. ಲಂಡನ್ ಮಾದರಿಯ ಸಾಮಾನಿಗೆ ಇದು ಬೇಡವೇನೋ ಎಂದು ಒಂದು ಕ್ಷಣ ಕೈ ತಡೆದೆ. ಪೂಜೆಯಿಲ್ಲದೆ ಕಾಲು ಕೂರಿಸಲು ಮನಸ್ಸು ಒಪ್ಪಲಿಲ್ಲ. ಆ ಮೇಜಿಗೆ ಮೊದಲು ಕೂರಿಸಿದ್ದು ಮುಂದಿನ ಎಡಗಾಲು, ಅದಕ್ಕೆ ಅಂಟು ಹಾಕಿಲ್ಲ, ಮರದ ಗೂಟವಷ್ಟೇ ಇದೆ. ಹಿಂದಿನಿಂದ ಮೆಲ್ಲಗೆ ತಟ್ಟಿದರೆ ಗೂಟ ಹೊರಬರುತ್ತದೆ, ಕಾಲು ಕಳಚುತ್ತದೆ. ಬೆಳಕು ಬೀಳದ ಜಾಗ, ಬಣ್ಣ ಇನ್ನೂ ಇರಬೇಕು. ವಿಕ್ಟೋರಿಯಾ ಕಾಲದ ಲಂಡನ್ ಬಡಗಿ ಯಾರೂ ಅರಿಶಿನ ಕುಂಕುಮ ಇಟ್ಟಿರುವುದಿಲ್ಲ.

ಶನಿವಾರ ಸಹಿ ಹಾಕಬೇಡ. ನೀನು ಸ್ವಂತ ಹೆಸರಿನಲ್ಲಿ ಕೊಡುತ್ತಿರುವ ಮೊದಲ ದೊಡ್ಡ ಸರ್ಟಿಫಿಕೇಟು ಇದು. ನಾಳೆ ಇನ್ಯಾರೋ ಆ ಕಾಲು ಬಿಚ್ಚಿದರೆ ನಿನ್ನ ಮಾತನ್ನು ಇನ್ನು ಯಾರೂ ನಂಬುವುದಿಲ್ಲ. ನೀನೇ ಬಿಚ್ಚಿ ತೋರಿಸಿದರೆ ಇನ್ನೂ ಹೆಚ್ಚು ನಂಬುತ್ತಾರೆ. ನಾನೂ ಬರುತ್ತೇನೆ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು. ವನಿತಾ ಅವರ ಮುಂದೆ ಆ ವ್ಯಾಪಾರಿಗೂ ನಾನೇ ಹೇಳುತ್ತೇನೆ. ನಾಚಿಕೆಯೇನಾದರೂ ಇದ್ದರೆ ಅದು ನನ್ನದು, ನಿನ್ನದಲ್ಲ. ನನಗೂ ಅಂಥ ನಾಚಿಕೆಯೇನಿಲ್ಲ, ನಿಜ ಹೇಳಬೇಕೆಂದರೆ. ಐದು ಪರೀಕ್ಷೆಯಲ್ಲಿ ನನ್ನ ಮಗಳ ಕಣ್ಣನ್ನೇ ದಾಟಿದ ಮೇಜು ಅದು. ಎಂಥ ಕಣ್ಣು ಎನ್ನುವುದನ್ನು ಗುಂಡು ಮೇಜಿನ ಹತ್ತಿರ ನೋಡಿದ್ದೇನಲ್ಲ. ಬೇರೆ ಯಾರನ್ನು ದಾಟಿದ್ದರೂ ನನಗೆ ಇಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ಊಟ ಬಿಡಬೇಡ. ಸಾರು ಎರಡು ದಿನಕ್ಕಾಗುತ್ತದೆ ಎಂದು ನಿನ್ನಮ್ಮ ಹೇಳಲು ಹೇಳಿದ್ದಾಳೆ. ನೆಲದ ಮೇಲೆ ಮಲಗುವಾಗ ಹಳೇ ಬಟ್ಟೆ ಹಾಕಿಕೊಂಡು ಹೋಗು ಎಂದೂ ಹೇಳಿದ್ದಾಳೆ. ನಿನ್ನ ಮಾತು ನಡೆಯಲಿ, ನಿನ್ನ ಹೆಸರು ಬೆಳೆಯಲಿ, ನೂರು ವರ್ಷ ಗಟ್ಟಿಯಾಗಿರು ಮಗಳೇ.

ಇಂತಿ ನಿನ್ನ ಅಪ್ಪ,
ಬ್ಯಾಟರಾಯಪ್ಪ

ತಾ.ಕ.: ಇದನ್ನು ಬರೆಯುವುದು ಬೇಡವೆಂದಿದ್ದೆ. ‘ಅದನ್ನೂ ಬರೀರಿ ಅತ್ಲಾಗೆ, ಹೊಟ್ಟೇಲಿಟ್ಕೊಂಡು ಏನ್ ಮಾಡ್ತೀರಾ’ ಎಂದು ನಿನ್ನಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಭಾನುವಾರ ವನಿತಾ ಅವರು ‘ನಿಮ್ ತಂದೆನೂ ಇದೇ ಕೆಲ್ಸದೋರಲ್ವಾ?’ ಎಂದು ನಿನ್ನನ್ನು ಕೇಳಿದರು. ನೀನು, ‘ಇಲ್ಲ ಮೇಡಂ, ಅಪ್ಪ ರಿಪೇರಿ ಮಾಡ್ತಿದ್ರು ಅಷ್ಟೇ. ಅವರದ್ದು ಅಂತ ಏನೂ ಮಾಡಿಲ್ಲ. ಇಂಥದ್ದಕ್ಕೆಲ್ಲ ಬೇರೆ ಕೈಯೇ ಬೇಕು’ ಎಂದೆ. ನಾನು ಬಾಗಿಲ ಹತ್ತಿರವೇ ಇದ್ದೆ. ಬೇಜಾರಾಗಲಿಲ್ಲ ಎಂದರೆ ಸುಳ್ಳು, ಬಹಳ ಬೇಜಾರಾಯಿತು. ಆದರೆ ಹಾಗೆ ಹೇಳುವಾಗ ನಿನ್ನ ಅಂಗೈ ಆ ಮೇಜಿನ ಮುಚ್ಚಳದ ಮೇಲಿತ್ತು. ಮಗುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದೆ. ನಾನು ಮಾಡಿದ ಯಾವುದನ್ನೂ ನೀನು ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಶನಿವಾರ ಕಾಲು ಬಿಚ್ಚುವ ಮೊದಲು, ಅದು ನನ್ನದೆಂದು ಗೊತ್ತಿದ್ದೂ, ಇನ್ನೊಂದು ಸಲ ಹಾಗೇ ಮುಟ್ಟುತ್ತೀಯಾ?