ಕಲೀನಾಳ ಹೆಸರಿನಲ್ಲಿ ಹೊಸೆದ ದಾರ

ಮಾನ್ಯ ಪ್ರಾದೇಶಿಕ ಗ್ರಾಹಕ ಸುರಕ್ಷತಾ ತಪಾಸಣಾಧಿಕಾರಿಗಳೇ,

ಕಳೆದ ಫೆಬ್ರವರಿ ಹನ್ನೊಂದರಂದು ನಿಮ್ಮ ಕಚೇರಿ ಕಲೀನಾ ಎಂಬ ಎರಡೂವರೆ ವರ್ಷದ ಮಗುವಿನ ಹೆಸರಿನಲ್ಲಿ ನನ್ನ ತಾಯಿಯ ಆನ್‌ಲೈನ್ ಅಂಗಡಿಯಿಂದ ಒಂದು ಮಾರ್ತೆನಿತ್ಸಾವನ್ನು, ವಸಂತವನ್ನು ಎದುರುಗೊಳ್ಳಲು ಮಾರ್ಚ್ ಒಂದರಂದು ಒಬ್ಬರು ಇನ್ನೊಬ್ಬರಿಗೆ ಕಟ್ಟುವ ದಾರವನ್ನು, ತರಿಸಿಕೊಂಡಿತು. ಹದಿನೆಂಟರಂದು ಅದೇ ಪೊಟ್ಟಣವನ್ನು ಸಾಕ್ಷಿ ಮಾಡಿಕೊಂಡು ಆಕೆಗೆ ದಂಡ ಹಾಕಿತು. ಇಪ್ಪತ್ತರಂದು, ನಿಮ್ಮ ಪತ್ರ ತಲುಪಿದ ಕೂಡಲೇ, ಆಕೆಯ ಅಂಗಡಿಗೆ ಜಾಗ ಕೊಟ್ಟಿದ್ದ ನಮ್ಮದೇ ದೇಶದ ಜಾಲತಾಣದವರು ಅದನ್ನು ಮುಚ್ಚಿದರು. ಮಾರ್ಚ್ ಒಂದಕ್ಕೆ ಉಳಿದಿದ್ದದ್ದು ಒಂಬತ್ತು ದಿನ. ವರ್ಷವಿಡೀ ನೂತಿಟ್ಟ ಕೆಂಪು-ಬಿಳಿ ನೂಲು ದಾರವಾಗಿ ಮಾರಾಟವಾಗುವುದು ಆ ದಿನಗಳಲ್ಲಿ ಮಾತ್ರ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಮಣಿಕಟ್ಟಿಗೂ ಯಾರಾದರೂ ಒಂದನ್ನು ಕಟ್ಟಿರುತ್ತಾರೆ. ನಿಮ್ಮ ದಕ್ಷತೆಗೆ ಅಭಿನಂದನೆಗಳು. ಇಷ್ಟು ವೇಗವಾಗಿ ಸರ್ಕಾರದಿಂದ ನಮ್ಮ ಬೀದಿಗೆ ಏನೂ ಬಂದದ್ದಿಲ್ಲ.

ನಾವು ಗಾಬ್ರೊವೊ ಊರಿನವರು. ಬೆಕ್ಕು ದಾಟಿದ ಕೂಡಲೇ ಬಾಗಿಲು ಮುಚ್ಚಿ ಒಲೆಯ ಬಿಸಿ ಉಳಿಸಲು ಅದರ ಬಾಲ ಕತ್ತರಿಸಿದವರು, ಒಳಗಿನ ಚಕ್ರಗಳ ಹಲ್ಲು ಸವೆಯದಿರಲೆಂದು ಮಲಗುವ ಮುಂಚೆ ಗಡಿಯಾರ ನಿಲ್ಲಿಸುವವರು ಎಂದು ನಾಡೆಲ್ಲ ನಮ್ಮನ್ನು ಆಡಿಕೊಳ್ಳುತ್ತದೆ. ನಾವೂ ಜೊತೆಗೆ ನಗುತ್ತೇವೆ. ಅಂಥ ಜಿಪುಣರ ಊರಿನಲ್ಲಿ ಹುಟ್ಟಿ ಬೆಳೆದ ನನ್ನ ತಾಯಿ ದೊಂಕಾಗೆ ಬದುಕಿನಲ್ಲಿ ಬಿದ್ದ ಮೊದಲ ದಂಡ, ಒಂದು ವಸ್ತುವನ್ನು ಪುಕ್ಕಟೆ ಕೊಟ್ಟದ್ದಕ್ಕೆ. ನಮ್ಮೂರಿನ ಹಾಸ್ಯದ ಭಂಡಾರಕ್ಕೆ ನಿಮ್ಮ ಕಚೇರಿಯ ಈ ಕೊಡುಗೆ ಬಹುಕಾಲ ಉಳಿಯುತ್ತದೆ.

ಅಮ್ಮ ಇಪ್ಪತ್ತು ವರ್ಷ ಉಣ್ಣೆ ಗಿರಣಿಯಲ್ಲಿ ನೂಲು ತೆಗೆದವಳು. ಯಂತ್ರಕ್ಕೆ ಸಿಕ್ಕ ಎಡಗೈಯ ಕಿರುಬೆರಳು ಸೊಟ್ಟಗಿದೆ. ಗಿರಣಿ ಮುಚ್ಚಿದ ಮೇಲೆ ಆಕೆಗೆ ಉಳಿದ ವಿದ್ಯೆ ಇದೊಂದೇ. ಹೊಸೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆಕೆ ಅಡುಗೆಮನೆಯ ಮೇಜಿನ ಬಳಿ ಒಂದು ತುದಿ ಹಿಡಿಯುತ್ತಾಳೆ, ನಾನು ಬಾಗಿಲ ಬಳಿ ಇನ್ನೊಂದು ತುದಿ. ಆಕೆ ಒಂದು ಕಡೆಗೆ ತಿರುವುತ್ತಾಳೆ, ನಾನು ಅದರ ವಿರುದ್ಧ ದಿಕ್ಕಿಗೆ. ದಾರ ಬಿಗಿಯಾಗಿ ನಡುಗತೊಡಗಿದಾಗ ಆಕೆ ನಡುವೆ ಹಿಡಿದು ಮಡಿಚುತ್ತಾಳೆ, ಬಿಟ್ಟ ಕೂಡಲೇ ಅದು ತನ್ನಷ್ಟಕ್ಕೆ ಸುತ್ತಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಅದನ್ನು ಕಟ್ಟಿಕೊಳ್ಳುವವರ ಹೆಸರನ್ನು ಮೂರು ಸಲ ಹೇಳುವುದು ನಮ್ಮ ಮನೆಯ ರೂಢಿ. ತಾನೇ ಕೊಂಡು ತಾನೇ ಕಟ್ಟಿಕೊಳ್ಳುವ ವಸ್ತು ಅಲ್ಲವಲ್ಲ ಇದು! ಅದಕ್ಕಾಗಿಯೇ ಆಕೆಯ ಅಂಗಡಿಯಲ್ಲಿ ‘ಯಾರಿಗೆ?’ ಎಂಬ ಅಂಕಣ ತುಂಬದೆ ಯಾರೂ ಏನನ್ನೂ ಕೊಳ್ಳುವಂತಿರಲಿಲ್ಲ. ಪಕ್ಕದ ಮನೆಯ ಗಿನ್ಕಾರನ್ನು ಬೀದಿಯವರೆಲ್ಲ ಲೆಲ್ಯಾ, ಚಿಕ್ಕಮ್ಮ, ಎಂದೇ ಕರೆಯುವುದು. ಅವರು ಕಾಫಿ ಕುಡಿಯಲು ಬಂದಾಗಲೆಲ್ಲ ಛೇಡಿಸುತ್ತಿದ್ದರು.

“ಪ್ರಾರ್ಥನೇಲಿ ಪಾದ್ರಿ ಓದೋದಕ್ಕಿಂತ ಜಾಸ್ತಿ ಹೆಸರು ಓದ್ತೀಯಲ್ಲೇ ದೊಂಕಾ. ಅವನಿಗಾದ್ರೂ ಕಾಣಿಕೆ ಬೀಳುತ್ತೆ.”

ನಿಮ್ಮ ಕಚೇರಿಗೂ ನಮಗೂ ಪರಿಚಯವಾದದ್ದು ನನ್ನಿಂದ. ಕಳೆದ ಶರತ್ಕಾಲದಲ್ಲಿ ಕಡಲಾಚೆಯ ಅಗ್ಗದ ಮಾರಾಟತಾಣವೊಂದನ್ನು ಫೋನಿನಲ್ಲಿ ನೋಡುತ್ತಿದ್ದೆ. ನಾನೂ ಅಲ್ಲಿ ಕೊಂಡವಳೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆ ದಿನ ಹುಡುಕುತ್ತಿದ್ದದ್ದು ಚಳಿಗಾಲದ ಕಾಲುಚೀಲ. ಅಲ್ಲಿ ನನ್ನ ತಾಯಿಯ ಕೈ ಕಂಡಿತು. ನಾನೇ ಕಿಟಕಿಯ ಬೆಳಕಿನಲ್ಲಿ ತೆಗೆದ ಚಿತ್ರ: ದಾರ ಹಿಡಿದ ಎಡಗೈ, ಸೊಟ್ಟ ಕಿರುಬೆರಳು. ಕೆಳಗೆ, ಹತ್ತು ಮಾರ್ತೆನಿತ್ಸಾಗಳಿಗೆ ಎರಡು ಲೆವ. ನಾವು ಒಂದಕ್ಕೆ ಮೂರು ಲೆವ ತೆಗೆದುಕೊಳ್ಳುತ್ತೇವೆ. ನಲವತ್ತು ಸಾವಿರಕ್ಕೂ ಹೆಚ್ಚು ಮಾರಾಟವಾಗಿದೆ ಎಂದು ಬರೆದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ನನ್ನ ಕೈಯೇ ಕಣೇ. ಉಗುರಿನ ಸಂದೀಲಿ ಬಣ್ಣ ಕೂಡ ಹಾಗೇ ಇದೆ,” ಎಂದಳು. ಆಮೇಲೆ ಫೋನ್ ವಾಪಸು ಕೊಡುತ್ತಾ, “ಈ ಕೈಗೆ ಇಷ್ಟು ಬೇಡಿಕೆ ಇದೆ ಅಂತ ಗಿರಣಿ ಮುಚ್ಚುವಾಗ ಯಾರೂ ಹೇಳ್ಲಿಲ್ಲ,” ಎಂದಳು.

ನಾನು ಹತ್ತು ಜನರ ಮುಂದೆ ಬಾಯಿ ಬಿಡಲಾರದವಳು. ಕಾಗದದ ಮೇಲೆ ಮಾತ್ರ ಸ್ವಲ್ಪ ಧೈರ್ಯ. ನಿಮಗೆ ದೂರು ಬರೆದೆ. ಚಿತ್ರ ಕದ್ದಿದ್ದಾರೆ, ಉಣ್ಣೆ ಎಂದು ಹೇಳಿ ಪ್ಲಾಸ್ಟಿಕ್ ನೂಲು ಮಾರುತ್ತಿದ್ದಾರೆ, ಮಕ್ಕಳಿಗೆಂದು ದಾರಕ್ಕೆ ಜೋತುಬಿಟ್ಟು ಕೊಡುವ ನೂಲಿನ ಗೊಂಬೆಗಳ ಕಣ್ಣಿನ ಮಣಿ ಬರೀ ಅಂಟಿನಲ್ಲಿ ನಿಂತಿದೆ, ಮುಟ್ಟಿದರೆ ಬೀಳುತ್ತದೆ, ಕೊಂಡವರು ಹಾಗೆಂದು ಅಲ್ಲಿಯೇ ಬರೆದಿದ್ದಾರೆ. ಇವೆಲ್ಲಕ್ಕೂ ಚಿತ್ರಗಳ ಸಮೇತ ಪುರಾವೆ ಲಗತ್ತಿಸಿದೆ. ಶಿಸ್ತಿನ ನಾಗರಿಕಳಾಗಿ ನಮ್ಮ ಅಂಗಡಿಯ ಕೊಂಡಿ, ಅಮ್ಮನ ಪೂರ್ಣ ಹೆಸರು, ಮನೆಯ ವಿಳಾಸ ಕೊಟ್ಟೆ. ಏಳು ವಾರಗಳ ನಂತರ ಮೂರು ಸಾಲಿನ ಉತ್ತರ ಬಂತು: ಸದರಿ ಮಾರಾಟಗಾರರು ನಮ್ಮ ವ್ಯಾಪ್ತಿಯ ಹೊರಗಿರುವುದರಿಂದ ಕ್ರಮ ಸಾಧ್ಯವಿಲ್ಲ.

ಕ್ರಮ ಸಾಧ್ಯವಿಲ್ಲ ಎಂದರೆ ಸುಮ್ಮನಿರುತ್ತೀರಿ ಎಂದುಕೊಂಡದ್ದು ನನ್ನ ತಪ್ಪು. ಕಡತ ತೆರೆದ ಮೇಲೆ ಯಾರ ಮೇಲಾದರೂ ಕ್ರಮ ಆಗಬೇಕಲ್ಲವೇ? ಆ ಕಡತದಲ್ಲಿ ನಿಮ್ಮ ಕೈಗೆ ಸಿಗುವ ವಿಳಾಸ ಒಂದೇ ಇತ್ತು. ಅದನ್ನು ಬರೆದುಕೊಟ್ಟವಳು ನಾನು.

ಫೆಬ್ರವರಿ ಹನ್ನೊಂದರ ಬೇಡಿಕೆಯಲ್ಲಿ ಕೇಳಿದ್ದು ದೊಡ್ಡವರೂ ಕಟ್ಟಿಕೊಳ್ಳುವ ಸಾದಾ ದಾರವನ್ನು. ಮಕ್ಕಳ ವಸ್ತುಗಳಿಗೆ ಪರೀಕ್ಷೆ, ಮುದ್ರೆ ಬೇಕು ಎಂದು ಓದಿಕೊಂಡಿದ್ದರಿಂದ ನಾವು ಗೊಂಬೆಗಳನ್ನು ಮಾರುತ್ತಲೇ ಇರಲಿಲ್ಲ. ಆದರೆ ‘ಯಾರಿಗೆ?’ ಎಂಬಲ್ಲಿ ನಿಮ್ಮವರು ಹೀಗೆ ಬರೆದಿದ್ದರು: “ಕಲೀನಾಗೆ. ಎರಡೂವರೆ ವರ್ಷ. ಮೊದಲ ಸಲ ಕಟ್ಟಿಕೊಳ್ಳುತ್ತಿದ್ದಾಳೆ.” ಇದನ್ನು ಬರೆದವರು ಯಾರೇ ಇರಲಿ, ನಮ್ಮ ಹೆಂಗಸರನ್ನು ಚೆನ್ನಾಗಿ ಬಲ್ಲವರು. ಓದಿ ಹೇಳುತ್ತಿದ್ದಂತೆಯೇ ಅಮ್ಮ ಎದ್ದು ಹೋಗಿ ನಮ್ಮ ಕಿಟಕಿಗೆಂದು ಮಾಡಿಟ್ಟಿದ್ದ ಜೋಡಿಯನ್ನು ತಂದಳು. ಬಿಳಿಯ ಪಿಜೋ, ಕೆಂಪಿನ ಪೆಂದಾ, ಹೆಬ್ಬೆರಳಷ್ಟು ಎತ್ತರದ ನೂಲಿನ ಗಂಡ-ಹೆಂಡತಿ. ನಾನು ಬೇಡವೆಂದೆ. ಅವುಗಳ ಕಣ್ಣು ಮಣಿಯದು, ಚಿಕ್ಕ ಮಗು, ನಿಯಮ ಹೀಗಿದೆ ಎಂದೆ.

“ನಾಲ್ಕು ಸುತ್ತು ಹೊಲಿದಿದೀನಿ. ಕಚ್ಚಿ ನೋಡು,” ಎಂದಳು.

ಕಚ್ಚಿದೆ. ಬರಲಿಲ್ಲ. ಇನ್ನೂ ಜೋರಾಗಿ ಕಚ್ಚು ಎಂದಳು. ಆಗಲೂ ಬರಲಿಲ್ಲ.

“ಮೊದಲ ಸಲ ಅಂತೆ. ಬರೀ ದಾರ ಕಳಿಸಿದ್ರೆ ಮಗು ಏನಂದ್ಕೊಳ್ಳುತ್ತೆ, ಗಾಬ್ರೊವೊದವರು ಅಂತ ಗೊತ್ತಾಗಿಬಿಡುತ್ತೆ,” ಎಂದು ನಗುತ್ತಾ, ಆ ಹೆಸರು ಹೇಳಿ ನಾವಿಬ್ಬರೂ ಹೊಸೆದ ದಾರದ ಜೊತೆ ಪೊಟ್ಟಣದೊಳಗೆ ಇಟ್ಟಳು.

ನನ್ನ ಹಲ್ಲುಗಳು ಮಾನ್ಯತೆ ಪಡೆದ ಪ್ರಯೋಗಾಲಯವಲ್ಲ ಎಂಬುದು ಈಗ ನನಗೆ ತಿಳಿದಿದೆ. ನಿಯಮ ತಪ್ಪೆಂದೂ ನಾನು ವಾದಿಸುತ್ತಿಲ್ಲ. ಮಗುವಿನ ಗಂಟಲಿಗೆ ಮಣಿ ಸಿಕ್ಕಬಾರದು. ಇದಕ್ಕೊಂದು ಕಚೇರಿ ಇರುವುದು ಒಳ್ಳೆಯದೇ. ಆದರೆ ಗಂಟಲಿಗೆ ದೇಶ ಗೊತ್ತಾಗುತ್ತದೆಯೇ? ಹೊಲಿದ ಮಣಿ ಅಪಾಯಕಾರಿಯಾಗಿ, ಅಂಟಿಸಿದ ಮಣಿ ವ್ಯಾಪ್ತಿಯ ಹೊರಗಿನದಾಗುವುದು ಯಾವ ವೈದ್ಯಶಾಸ್ತ್ರದಲ್ಲಿ? ಸಾವಿರಾರು ಮೈಲಿ ದಾಟಿ ಬರುವ ಪೊಟ್ಟಣ ಚಿಕ್ಕದಾದ್ದರಿಂದ ಅದಕ್ಕೆ ಸುಂಕವಿಲ್ಲ, ಪರೀಕ್ಷೆಯೂ ಇಲ್ಲ. ನಮ್ಮ ಅಡುಗೆಮನೆಯಿಂದ ಹೊರಟ ಪೊಟ್ಟಣ ಅದಕ್ಕಿಂತ ಚಿಕ್ಕದು. ಅದರ ದೋಷವೆಂದರೆ ಅದು ಹತ್ತಿರದಿಂದ ಬಂದದ್ದು, ಅದರ ಮೇಲೆ ಕಳಿಸಿದವರ ಹೆಸರಿದ್ದದ್ದು.

ಗೊಂಬೆಗೆ ಪರೀಕ್ಷೆಯ ಮುದ್ರೆಯಿಲ್ಲ, ತಯಾರಕರ ಚೀಟಿಯಿಲ್ಲ ಎಂಬ ದಂಡದ ಆದೇಶ ತಂದವರು ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರ ಬಗ್ಗೆ ನನ್ನ ದೂರಿಲ್ಲ. ಬೂಟು ಬಿಚ್ಚಿಯೇ ಒಳಗೆ ಬಂದರು. ಅಮ್ಮ ಚೀಸ್ ತುಂಬಿದ ಬಿಸಿ ಬಾನಿತ್ಸಾ ತಂದಿಟ್ಟಳು, ನಿಯಮದ ಪ್ರಕಾರ ಅವರು ಮುಟ್ಟಲಿಲ್ಲ. ಅವರು ಓದಿದ್ದನ್ನೆಲ್ಲ ಕೇಳಿ, ಸಹಿ ಹಾಕಿ, ಅಮ್ಮ ಆ ಹೆಂಗಸನ್ನು ಕೇಳಿದ್ದು ಒಂದೇ ಮಾತು.

“ಮಗು ನಿಮ್ಮದಾ?”

ಆಕೆ ಕಾಗದಗಳನ್ನು ಜೋಡಿಸುತ್ತಾ, “ಎಲ್ಲಾ ವರದೀಲಿದೆ, ಓದ್ಕೊಳ್ಳಿ,” ಎಂದರು.

ಅಷ್ಟು ಸಣ್ಣ ಅಕ್ಷರ ಅಮ್ಮನಿಗೆ ಕಾಣುವುದಿಲ್ಲ. ವರದಿಯನ್ನು ಓದಿದವಳು ನಾನು. ನಾಲ್ಕನೆಯ ಪುಟದಲ್ಲಿ ಒಂದು ಸಾಲು: ಸ್ವೀಕರಿಸುವವರ ವಿವರಗಳನ್ನು ತಪಾಸಣೆಯ ಉದ್ದೇಶಕ್ಕಾಗಿ ಕಲ್ಪಿಸಲಾಗಿದೆ. ಸಾಹಿತ್ಯ ಓದಿ ಪದವಿ ಪಡೆದವಳು ನಾನು. ಕಲ್ಪಿತ ಪಾತ್ರಗಳು ನನಗೆ ಹೊಸತಲ್ಲ. ಆದರೆ ಕಲ್ಪಿತ ಪಾತ್ರವೊಂದು ಬಂದು ನಿಜವಾದ ಅಂಗಡಿಯ ಬಾಗಿಲು ಹಾಕಿದ್ದನ್ನು ಇದೇ ಮೊದಲು ನೋಡಿದ್ದು. ಕಾಗದ ಮಡಿಚಿಟ್ಟೆ. ಮಗುವಿನ ವಿಷಯ ಏನೂ ಬರೆದಿಲ್ಲ ಎಂದು ಅಮ್ಮನಿಗೆ ಹೇಳಿದೆ.

ಮಾರ್ಚ್ ನಾಲ್ಕರಂದು ಮೇಲ್ಮನವಿ ಸಲ್ಲಿಸಲು ನಿಮ್ಮ ಕಚೇರಿಗೇ ಬಂದೆ. ಕಿಟಕಿಯ ಹಿಂದಿದ್ದಾಕೆ ಸಭ್ಯರು. ನನ್ನ ಅರ್ಜಿಗೆ ಮುದ್ರೆ ಒತ್ತಲು ಕೈ ಚಾಚಿದಾಗ ಅವರ ಮಣಿಕಟ್ಟಿನಲ್ಲಿ ಮಿರಮಿರ ಮಿಂಚುವ ಕೆಂಪು-ಬಿಳಿ ನೂಲು, ಅದಕ್ಕೆ ಜೋತುಬಿದ್ದ ಪುಟ್ಟ ಪೆಂದಾ. ಅದಕ್ಕೆ ಒಂದೇ ಕಣ್ಣಿತ್ತು. ನಾನು ನೋಡುತ್ತಿದ್ದದ್ದನ್ನು ಕಂಡು ಅವರೇ ಹೇಳಿದರು.

“ಚೆನ್ನಾಗಿದೆ ಅಲ್ವಾ? ಇಡೀ ಕಚೇರಿಗೆ ಒಟ್ಟಿಗೆ ತರಿಸಿದ್ವಿ, ತುಂಬಾ ಅಗ್ಗಕ್ಕೆ ಸಿಕ್ತು.”

ಎಲ್ಲಿಂದ ಎಂದು ಕೇಳಿದೆ. ಹೇಳಿದರು. ಅದೇ ತಾಣ. ಅದರ ಮೇಲೆ ತಯಾರಕರ ಚೀಟಿ ಇತ್ತೇ ಎಂದು ಕೇಳಿದೆ. ನನ್ನ ಧ್ವನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

“ಅಯ್ಯೋ, ಇದಕ್ಕೆಲ್ಲಾ ಯಾರಮ್ಮ ಚೀಟಿ ಹಾಕ್ತಾರೆ?” ಎಂದು ನಕ್ಕು, ನನ್ನ ಅರ್ಜಿಯ ಮೇಲೆ ಮುದ್ರೆ ಒತ್ತಿದರು. ಅರ್ಜಿಯ ವಿಷಯ, ಚೀಟಿ ಇಲ್ಲದ್ದಕ್ಕೆ ಹಾಕಿದ ದಂಡ.

ಅವರನ್ನು ದೂಷಿಸಬೇಡಿ. ಯಾರೋ ಪ್ರೀತಿಯಿಂದ ಕಟ್ಟಿದ್ದಿರಬೇಕು. ನಾನು ಕೇಳುತ್ತಿರುವುದು ಇಷ್ಟೇ: ನಿಮ್ಮ ಮೇಜುಗಳವರೆಗೆ, ನಿಮ್ಮ ಕೈಗಳವರೆಗೆ ಬಂದು ಕಟ್ಟಿಕೊಂಡ ಮೇಲೂ ಆ ವಸ್ತು ನಿಮ್ಮ ವ್ಯಾಪ್ತಿಯ ಹೊರಗೇ ಇದೆಯೇ? ಇನ್ನೆಷ್ಟು ಹತ್ತಿರ ಬರಬೇಕು?

ಯಾಂತ್ರಾ ನದಿಯ ದಂಡೆಯ ಮರಗಳನ್ನು ಒಮ್ಮೆ ನೋಡಿ ಬನ್ನಿ. ವಸಂತಕ್ಕೆ ಮರಳುವ ಕೊಕ್ಕರೆ ಕಂಡ ಮೇಲೋ ಮರ ಹೂಬಿಟ್ಟ ಮೇಲೋ ಜನ ತಮ್ಮ ಮಾರ್ತೆನಿತ್ಸಾ ಬಿಚ್ಚಿ ಅಲ್ಲಿ ಕಟ್ಟುತ್ತಾರೆ. ಉಣ್ಣೆಯದಾದರೆ ಬೇಸಿಗೆಯ ಹೊತ್ತಿಗೆ ಹಕ್ಕಿಗಳು ಗೂಡಿಗೆ ಒಯ್ದಿರುತ್ತವೆ, ಉಳಿದದ್ದು ಮಳೆಗೆ ಕೊಳೆತಿರುತ್ತದೆ. ಈಗ ಆ ಕೊಂಬೆಗಳಲ್ಲಿ ಮೂರು ವರ್ಷದ ಹಿಂದಿನವೂ ಹೊಚ್ಚಹೊಸದರಂತೆ ಹೊಳೆಯುತ್ತಾ ನಿಂತಿವೆ. ಅಗ್ಗದ್ದು ಬಾಳಿಕೆ ಬರುವುದಿಲ್ಲ ಎನ್ನುವವರು ಬಂದು ನೋಡಲಿ.

ಅಮ್ಮ ಈಗ ಹೊಸೆಯುತ್ತಿಲ್ಲ. ಹೆಸರು ಕೇಳುವ ಅಂಗಡಿಯಿಲ್ಲ. ಯಾರ ಹೆಸರು ಹೇಳಿ ಹೊಸೆಯಬೇಕು? ಹೊಸೆಯದೆ ಉಳಿದ ನೂಲು ಪೆಟ್ಟಿಗೆ ತುಂಬ ಇದೆ, ಅದರ ಬಗ್ಗೆ ಆಕೆ ಮಾತಾಡುವುದಿಲ್ಲ. ದಂಡದ ಬಗ್ಗೆಯೂ ಇಲ್ಲ. ಮಾರ್ಚ್ ತಿಂಗಳಿಡೀ ಕೇಳಿದ್ದು ಬೇರೆಯೇ: ಆ ಮಗು ಕಟ್ಟಿಕೊಂಡಿತಾ? ಹೆಸರು ಹೇಳಿ ಹೊಸೆದದ್ದು ಆ ವಸಂತದಲ್ಲೇ ಮರ ಸೇರಬೇಕು, ಡಬ್ಬಿಯಲ್ಲಿ ಉಳಿದರೆ ಆ ಹೆಸರಿನವರಿಗೆ ವರ್ಷ ಮುಂದೆ ಸಾಗುವುದಿಲ್ಲ ಎಂಬುದು ಆಕೆಯ ನಂಬಿಕೆ. ನನಗೆ ಅಂಥ ನಂಬಿಕೆಗಳಿಲ್ಲ. ಆದರೂ ದಿನವೂ, ವಿಚಾರಿಸುತ್ತೇನೆ ಎಂದು ಹೇಳಿದ್ದೇನೆ.

ಈ ಬಹಿರಂಗ ಪತ್ರ ಅಚ್ಚಾಗುವ ಪತ್ರಿಕೆ ನಮ್ಮ ಮನೆಗೂ ಬರುತ್ತದೆ. ಗಿನ್ಕಾ ಲೆಲ್ಯಾ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ, ಅಮ್ಮ ಕೆಲಸ ಮಾಡುತ್ತಾ ಕೇಳುತ್ತಾಳೆ. ಹಾಗಾಗಿ, ಅಧಿಕಾರಿಗಳೇ, ಒಂದು ಸಾಲು ನಿಮಗಲ್ಲ. ಅಮ್ಮ, ಆ ಮಗು ಇಲ್ಲ. ಇರಲೇ ಇಲ್ಲ. ನನಗೆ ಹೇಳಲು ಬಾಯಿ ಬರಲಿಲ್ಲ.

ಈಗ ನನ್ನ ಬೇಡಿಕೆ. ಅದೇ ಕಲೀನಾಳ ಹೆಸರಿನಲ್ಲಿ, ಅದೇ ವಯಸ್ಸು ಹೇಳಿ, ಕಡಲಾಚೆಯ ಆ ತಾಣದಿಂದಲೂ ಒಂದು ಜೋಡಿ ತರಿಸಿ. ಅಮ್ಮನ ಗೊಂಬೆಗಳು ಹೋದ ಪ್ರಯೋಗಾಲಯಕ್ಕೇ ಅದನ್ನೂ ಕಳಿಸಿ. ಬಂದ ಫಲಿತಾಂಶವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ. ಅದನ್ನು ಈ ದೇಶದೊಳಗೆ ಮಾರಿದವರು ನನ್ನ ತಾಯಿಯಷ್ಟೇ ಉತ್ತರ ಹೇಳಬೇಕು. ಹೆಚ್ಚು ಬೇಡ, ಆಕೆಯಷ್ಟೇ ಸಾಕು. ಅಲ್ಲಿಯವರೆಗೆ ಆಕೆಯ ಅಂಗಡಿಯ ಮೇಲಿನ ತಡೆ ತೆಗೆಯಿರಿ.

ಮತ್ತೆ, ನಿಮ್ಮ ಸಾಕ್ಷ್ಯದ ಚೀಲದಲ್ಲಿರುವ ಆ ದಾರ ಮತ್ತು ಪಿಜೋ-ಪೆಂದಾ ಜೋಡಿಯನ್ನು ವಾಪಸು ಕೊಡಿ. ಪರೀಕ್ಷೆಗೆ ಕಿತ್ತ ಕಣ್ಣುಗಳು ಬೇಡ, ಗೊಂಬೆಗಳು ಸಾಕು. ನಮ್ಮ ಅಂಗಳದ ಪ್ಲಮ್ ಮರ ಹೂಬಿಟ್ಟು ನಾಲ್ಕು ದಿನವಾಯಿತು, ಹೂ ಇನ್ನೊಂದು ವಾರ ನಿಂತರೆ ಹೆಚ್ಚು. ಮಗುವನ್ನು ನೀವು ಕಲ್ಪಿಸಿದಿರಿ. ಹೆಸರನ್ನು ಮಾತ್ರ ನಾವಿಬ್ಬರೂ ಮೂರು ಸಲ ನಿಜವಾಗಿಯೇ ಹೇಳಿದ್ದೇವೆ. ಅದು ಮರ ಸೇರಲಿ.

ಇಂತಿ,
ದಾರದ ಇನ್ನೊಂದು ತುದಿ ಹಿಡಿದಿದ್ದವಳು, ವಿಳಾಸ ಬರೆದುಕೊಟ್ಟವಳೂ,
ವಿಲಿಯಾನಾ, ಗಾಬ್ರೊವೊ