ಬೆಕ್ಕು ಬೀಳಿಸಿದ ಭರಣಿ

ಅವರ್ಸಾ,
೧೨ ಮೇ ೨೦೨೫

ಚಿರಂಜೀವಿ ಮಧುಕರನಿಗೆ,

ಆಯಿಯ ಆಶೀರ್ವಾದ. ಮಂಗಲಾ ರಜೆಗೆ ಇಲ್ಲಿಗೆ ಬಂದು ಹತ್ತು ದಿನವಾಯಿತು. ನಿನ್ನ ಮಗಳ ಸುದ್ದಿ ಬರೆಯುತ್ತೇನೆ ಎಂದವಳು ಮಾವಿನಕಾಯಿ ಉಪ್ಪಿಗೆ ಹಾಕುವ ಗಡಿಬಿಡಿಯಲ್ಲಿ ತಡ ಮಾಡಿದೆ, ಬೇಜಾರಾಗಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಆಯ್ತೆ ಆಯಿ, ಮತ್ತೆ ಮಾಡ್ತೆ" ಅಂದುಬಿಡುತ್ತೀ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ನಿನ್ನ ಹಳೆಯ ಪಾಟಿಯ ಮೇಲೆ ಕಲಿತ ವಿದ್ಯೆ ಇಷ್ಟೇ.

ಹುಡುಗಿ ಆರಾಮವಾಗಿದ್ದಾಳೆ. ಮೀನಿನ ಮುಳ್ಳು ತಾನೇ ಬಿಡಿಸಿ ತಿನ್ನುತ್ತಾಳೆ. ದಿನಾ ತಲೆಗೆ ಎಣ್ಣೆ ಹಾಕುತ್ತಿದ್ದೇನೆಂದು ಸೊಸೆ ರೂಪಾಲಿಗೆ ಹೇಳು.

ಮೊನ್ನೆ ಉಪ್ಪಿನಕಾಯಿಯ ದೊಡ್ಡ ಭರಣಿ ಒಡೆಯಿತು. ಗದ್ದೆಯಿಂದ ಬಂದು ನೋಡಿದರೆ ಅಡುಗೆಮನೆ ತುಂಬ ಉಪ್ಪುನೀರು, ನಡುವೆ ಮಂಗಲಾ.

"ಅಜ್ಜಿ, ಬೆಕ್ಕು ಬೀಳ್ಸ್ತು" ಎಂದಳು.

ಬೆಕ್ಕು ಗದ್ದೆಯಿಂದ ನನ್ನ ಕಾಲ ಹಿಂದೆಯೇ ಬಂದಿತ್ತು! ನನಗೆ ನಗು. "ಅಲ್ವೆ, ನಿಮ್ ಶಾಲೆಲಿ ಸುಳ್ಳು ಹೇಳೂಕಿಲ್ಲ ಅಂದಿದ್ಯಲೆ?"

ಆ ಶಾಲೆಯ ವಿಷಯ, ಮಧು, ನನಗೆ ನೀನೇ ಹೇಳಿದ್ದೆ. ಏನು ಒಡೆದರೂ ಮಗು "ನನ್ನಿಂದಾಯ್ತು" ಎಂದರೆ ಸಾಕು, ಯಾರೂ ಬೈಯುವುದಿಲ್ಲ, ಒರೆಸುವ ಬಟ್ಟೆ ಕೊಟ್ಟು ಟೀಚರೂ ಜೊತೆಗೆ ಕೂತು ಒರೆಸುತ್ತಾರೆ ಎಂದು. ಪಾಲಕರ ಸಭೆಯಲ್ಲಿ ಎದ್ದು ನಿಂತು "ನಮ್ಮ ಮನೆಯಲ್ಲೂ ಇದೇ ಪದ್ಧತಿ" ಎಂದೆಯಂತೆ. ಚಪ್ಪಾಳೆಯೂ ಬಿತ್ತಂತೆ.

"ಅದು ಶಾಲೆಲಿ, ಅಜ್ಜಿ. ಮನೇಲಿ ಹಾಂಗೆ ಹೇಳೂಕಾಗ. ಒಂದ್ಸಲ ಹೇಳಿದ್ದೆ. ಅಪ್ಪ ಕೆನ್ನೆಗೆ ಹೊಡ್ದ. 'ಶಾಲೆ ನಾಟಕ ಇಲ್ಲಿ ಬ್ಯಾಡ' ಅಂದ."

"ನಿಮ್ಮನೇಲಿ ಬೆಕ್ಕೇ ಇಲ್ವಲೆ! ಅಲ್ಲಿ ಯಾರ ಹೆಸ್ರು ಹೇಳ್ತೆ?" ಎಂದು ತಮಾಷೆಗೆ ಕೇಳಿದೆ.

ಮಗು ನನ್ನ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಿತು. "ಬೀರಿಯಕ್ಕಂದು" ಎಂದಿತು.

ಮಧು, ನಿನ್ನ ಲ್ಯಾಪ್‌ಟಾಪಿನ ಮೇಲೆ ನೀರು ಚೆಲ್ಲಿದ್ದು ಕೆಲಸದ ಬೀರಿಯಲ್ಲ. ನೀವು ಅವಳನ್ನು ಕೆಲಸದಿಂದ ಬಿಡಿಸಿದಿರಿ. ಹೋಗುವ ಮೊದಲು ಅವಳು ದಿನದಂತೆ ಮಂಗಲಾಳ ಜಡೆ ಹೆಣೆದು ಹೋದಳಂತೆ. ಮಗುವಿಗೆ ಅದೇ ಚುಚ್ಚುತ್ತಿದೆ. ಈಗ ಜಡೆ ಹಾಕಲು ಕೂರಿಸಿದರೆ ಅಳುತ್ತಾಳೆ. ಎಣ್ಣೆ ಕಣ್ಣಿಗೆ ಹೋಯಿತೆಂದು ನಾನು ಅಂದುಕೊಂಡಿದ್ದೆ.

ರವಿವಾರ ಕರೆದೊಯ್ಯಲು ಬರುತ್ತೀಯಲ್ಲ, ಆಗ ಅವಳೇ ನಿನಗೆ ಎಲ್ಲ ಹೇಳುತ್ತಾಳೆ. ನಾನು ಧೈರ್ಯ ಕೊಟ್ಟಿದ್ದೇನೆ, ಆದರೆ ನನ್ನ ಧೈರ್ಯ ಅವರ್ಸಾ ಬಸ್‌ಸ್ಟಾಪಿನ ತನಕ ಮಾತ್ರ. ಮುಂದೆ ಅವಳು ನಿನ್ನ ಮನೆಯಲ್ಲಿ ಬೆಳೆಯಬೇಕು. ಕೈ ಎತ್ತಬೇಡ, ಪೂರ್ತಿ ಕೇಳು. ಆಮೇಲೆ ಇಬ್ಬರೂ ಬೀರಿಯ ಮನೆಗೆ ಹೋಗಿ. ಮಗು ತನ್ನ ತಪ್ಪು ಹೇಳಲಿ, ನೀನು ನಿನ್ನದು ಹೇಳು. ಮರಳಿ ಬರುವುದು, ಬಿಡುವುದು ಬೀರಿಯ ಇಷ್ಟ.

ನಿನಗೂ ರೂಪಾಲಿಗೂ ದೇವರು ತಾಳ್ಮೆ ಕೊಡಲಿ. ಮಗು ನಿಮ್ಮ ಹತ್ತಿರ ಹೇಳಲಾರದ್ದು ಏನೂ ಇಲ್ಲದಂತೆ ಬಾಳಿ.

ನಿನ್ನ ಆಯಿ,
ಗಂಗೂ

ತಾ.ಕ.: ನಿನ್ನ ಕೇಳದ ಎಡಗಿವಿಯ ವಿಷಯ ನಾವು ಎಂದೂ ಮಾತಾಡಿಲ್ಲ. ನಿನಗಾಗ ಎಂಟು ವರ್ಷ. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯ್ತು ಎಂದು ಕೇಳಿದಾಗ ನೀನು ನನ್ನ ಕಡೆ ನೋಡಿ, "ಈಸುವಾಗ ಸಮುದ್ರದ ನೀರು ಹೊಕ್ತು" ಎಂದೆ. ಅವರು "ಹೌದೇನಮ್ಮ?" ಎಂದರು. ನಾನು ಹೌದು ಎಂದೆ. ಇವತ್ತಿಗೂ ನೀನು ಎಲ್ಲರಿಗೂ ಅದನ್ನೇ ಹೇಳುತ್ತೀ, ರೂಪಾಲಿಗೂ. ಹಿಂದಿನ ಸಂಜೆ ನಿನ್ನ ಕಪಾಳಕ್ಕೆ ಹೊಡೆದದ್ದು ನಾನು. ನಿನ್ನೆ ಮಂಗಲಾಗೆ ಹೇಳಿದೆ. ನಿನಗೆ ಹೇಳಲು ಮೂವತ್ತೆರಡು ವರ್ಷ ಬೇಕಾಯಿತು.