ಕಬ್ಬಿಣದ ಸೇತುವೆಯ ಈಚೆಯಿಂದ

ಬ್ರಹ್ಮಪುರ, ಕಲಬುರಗಿ
14 ಜುಲೈ 1986

ಕಮಲಾಪುರದ ಮುಕುಂದರಾಯರಿಗೆ ಇಂದೂ ಮಾಡುವ ನಮಸ್ಕಾರಗಳು.

ಗಂಡನ ಹೆಸರು ಹಿಡಿದು ಬರೆಯಬಾರದು ಎಂದು ನಮ್ಮವ್ವ ಬೆನ್ನ ಹಿಂದೆಯೇ ನಿಂತು ಹೇಳಿದಳು. ಬರೆದಾಗಿದೆ. ನಾವೆಲ್ಲ ಕ್ಷೇಮ. ಹಾಗೆ ಬರೆಯುವುದು ರೂಢಿ, ಅದನ್ನೂ ಬರೆದಾಯಿತು.

ನಿಮ್ಮ ಪತ್ರ ಮುಟ್ಟಿತು. ಅದರಲ್ಲಿ ಮುಕ್ಕಾಲು ಪಾಲು ಸೇತುವೆ, ಕೊನೆಗೆ ಒಂದು ಸಾಲು ನಾನು. ಶ್ರಾವಣಕ್ಕೆ ಮುಂಚೆ ಮನೆಗೆ ಬರುತ್ತೀಯೋ ಇಲ್ಲವೋ ಖಚಿತವಾಗಿ ತಿಳಿಸು ಎಂದು ಕೇಳಿದ್ದೀರಿ. ಓದಿ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೂಸು ಹೋದ ಮೇಲೆ ನನಗೆ ಸಿಟ್ಟು, ಅಳು, ಹಸಿವು ಯಾವುದೂ ಸರಿಯಾಗಿ ಬರುತ್ತಿಲ್ಲ. ಮೊನ್ನೆ ಅವ್ವ ಉಪ್ಪು ಹಾಕಲು ಮರೆತ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡೆನಂತೆ. ಮನೆಮಂದಿ ಮುಖ ಮುಖ ನೋಡಿಕೊಂಡರು.

ಸೇತುವೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ, ಅದು ಸುಲಭ. ಒಡೆದು ಗುಜರಿಗೆ ಹಾಕುವ ಮಾತು ಬಿದ್ದುಹೋಗಿ, ಬಣ್ಣ ಹಚ್ಚಿ ಉಳಿಸಿಕೊಳ್ಳಲು ನಿಮ್ಮ ಇಲಾಖೆಯ ಮೇಲಿನವರು ಒಪ್ಪಿದ್ದು ಓದಿ ಒಳ್ಳೆಯದಾಯಿತು ಅನ್ನಿಸಿತು. ನಿಜಾಮರ ಕಾಲದಲ್ಲಿ ಯಾರೋ ಕೂಡಿಸಿ ನಿಲ್ಲಿಸಿದ್ದು, ನಿಮ್ಮ ಅಜ್ಜನಿಗಿಂತ ವಯಸ್ಸಿನಲ್ಲಿ ಹಿರಿದು. ಇವತ್ತಿಗೂ ಊರಿನ ಬಸ್ಸು, ಬಂಡಿ, ಬಾಳೆಗೊನೆ ಹೇರಿದ ಟೆಂಪೋ ಎಲ್ಲವನ್ನೂ ಹಳ್ಳ ದಾಟಿಸಿ ಕಲಬುರಗಿಗೆ ಕಳಿಸುತ್ತದೆ. ಅದನ್ನು ಒಡೆಯಲು ಯಾರಿಗೆ ಮನಸ್ಸು ಬಂದೀತು.

ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಿರಿ. ಬೇರೆಯವರ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೋ ಸೂಪರ್ ಮಾರ್ಕೆಟ್ಟಿಗೋ ಕರೆದೊಯ್ಯುತ್ತಾರೆ. ನನಗೆ ಸಿಕ್ಕಿದ್ದು ಕಬ್ಬಿಣದ ಪಟ್ಟಿ ಜೋಡಿಸುವ ರಿವೆಟ್ಟು. ಕಸಬರಿಗೆ ಕಡ್ಡಿ ಮುರಿದು, ದಾರ ಕಟ್ಟಿ ತೋರಿಸಿದಿರಿ. ನಾಲ್ಕು ಕಡ್ಡಿಯ ಚೌಕ ಬೆರಳು ತಾಗಿದರೆ ವಾಲುತ್ತದೆ, ಮೂರು ಕಡ್ಡಿಯ ತ್ರಿಕೋನ ಒತ್ತಿದರೂ ಜಗ್ಗುವುದಿಲ್ಲ. ಇಡೀ ಸೇತುವೆ ಅಂಥ ತ್ರಿಕೋನಗಳದ್ದೇ. ಒಂದು ಪಟ್ಟಿ ಎಳೆಯುತ್ತದೆ, ಪಕ್ಕದ್ದು ಒತ್ತುತ್ತದೆ, ಭಾರ ಯಾರೊಬ್ಬರ ಮೇಲೂ ಬೀಳುವುದಿಲ್ಲ ಎಂದಿರಿ. ಅಷ್ಟರಲ್ಲಿ ಬಸ್ಸೊಂದು ಬಂತು. ಕಂಡಕ್ಟರ್ ಲಾಲ್ ಅಹ್ಮದ್ ಸೇತುವೆಯ ತುದಿಗಿದ್ದ ಎಚ್ಚರಿಕೆಯ ಬೋರ್ಡಿನಲ್ಲಿ ಬರೆದಂತೆ ಜನರನ್ನೆಲ್ಲ ಇಳಿಸಿ ನಡೆಸಿದ, ಬಸ್ಸು ಖಾಲಿ ದಾಟಿತು. ನೀವು ನಕ್ಕು, "ಬೋರ್ಡ್ ಬರೆದವನಿಗೆ ತಲಿ ಇಲ್ಲ. ಈ ಪೂಲಿನ ಮ್ಯಾಲೆ ಆನಿ ಹಿಂಡು ಹೋದ್ರೂ ಮಿಸುಗೋದಿಲ್ಲ" ಎಂದಿರಿ. ಆ ಸಂಜೆ ನಿಮ್ಮ ಮೇಲೆ ನನಗೆ ಬಹಳ ಪ್ರೀತಿ ಬಂತು. ಕಬ್ಬಿಣವನ್ನೇ ಇಷ್ಟು ಅಕ್ಕರೆಯಿಂದ ಮುಟ್ಟುವವರು ಮನುಷ್ಯರನ್ನು ಕೈಬಿಡಲಾರರು ಎಂದುಕೊಂಡೆ.

ಏಳನೆಯ ತಿಂಗಳಲ್ಲಿ ನನ್ನನ್ನು ತವರಿಗೆ ಕಳಿಸಲು ಒಳ್ಳೆಯ ದಿನ ಸಿಗಲಿಲ್ಲ. ಎಂಟರಲ್ಲಿ ಕಳಿಸಬಾರದು. ಒಂಬತ್ತರಲ್ಲಿ, ದಿನ ತುಂಬಿದವಳು ಹರಿಯುವ ನೀರು ದಾಟಬಾರದು. ನಿಮ್ಮ ಮನೆಯ ಪದ್ಧತಿ, ನಾನೂ ತಲೆಯಾಡಿಸಿದೆ. ಮಾರ್ಚಿನ ಆ ಮಧ್ಯಾಹ್ನ ನೋವು ಎದ್ದಾಗ ಹಳ್ಳದಲ್ಲಿ ಮೊಣಕಾಲು ನೀರೂ ಇರಲಿಲ್ಲ. ಸೂಲಗಿತ್ತಿ ಭಾಗಮ್ಮ ಮುಟ್ಟಿ ನೋಡಿ, "ಕೂಸು ತಿರುಗಿಲ್ರಿ, ಕಲಬುರಗಿ ದವಾಖಾನಿಗಿ ಒಯ್ರಿ" ಎಂದಳು. ನಿಮ್ಮ ಇಲಾಖೆಯ ಜೀಪು ಬಾಗಿಲಲ್ಲೇ ನಿಂತಿತ್ತು. ನೀವು ಒಳಗೆ ಬಂದು ನನ್ನ ಕೈ ಹಿಡಿದು, "ಅವ್ವ ಒಪ್ಪವಲ್ಲಳು, ನಾ ಏನು ಮಾಡ್ಲಿ" ಎಂದಿರಿ. ದೀಪ ಹಚ್ಚುವ ಹೊತ್ತಿಗೆ ಕೂಸು ಹುಟ್ಟಿತು. ಅಳಲಿಲ್ಲ.

ಆಮೇಲೆ ಅಣ್ಣ ನರಸಿಂಹ ನನ್ನನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆತಂದ. ಸೇತುವೆಯ ಬಳಿ ಎಲ್ಲರಂತೆ ನಾನೂ ಇಳಿದು ನಡೆದೆ. ಬಾಣಂತಿ, ನಿಧಾನ ನಡೆಯುತ್ತಿದ್ದೆ. ಕಾಯಲಾರದೆ ಡ್ರೈವರ್ ಹಿಂದಿನಿಂದ ಬಸ್ಸು ಬಿಟ್ಟಾಗ ಅಂಗಾಲಿಗೆ ಸಣ್ಣಗೆ ನಡುಕ ತಾಗಿತು. ಅಷ್ಟೇ. ಈಚೆ ದಡಕ್ಕೆ ಬಂದಾಗ ಇಷ್ಟೇ ಏನು ಅನ್ನಿಸಿತು. ಒಂದು ಬಾಳೆಹಣ್ಣು ಸುಲಿದು ತಿನ್ನುವಷ್ಟು ಹೊತ್ತಿನ ದಾರಿ. ಸೇತುವೆಯ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಆ ಮಧ್ಯಾಹ್ನವೂ ಅಲ್ಲೇ ನಿಂತಿತ್ತು.

ಈಗ ನಿಮ್ಮ ಪ್ರಶ್ನೆಗೆ ಉತ್ತರ. ನಾನು ಬರುವುದಿಲ್ಲ. ಶ್ರಾವಣಕ್ಕೂ ಇಲ್ಲ, ದೀಪಾವಳಿಗೂ ಇಲ್ಲ. ಶರಣಬಸವೇಶ್ವರ ಗುಡಿಯ ಕಡೆ ಒಂದು ಸಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸಲು ಕರೆದಿದ್ದಾರೆ, ಹೋಗುತ್ತೇನೆ. ಬಣ್ಣ ಹಚ್ಚುವವರು ತುಕ್ಕು ಪೂರಾ ಕೆರೆದರೋ ಇಲ್ಲವೋ ನಿಂತು ನೋಡಿಕೊಳ್ಳಿ. ಊರವರು ಕೇಳಿದರೆ ನಿಮಗೆ ತೋಚಿದ್ದು ಹೇಳಿ, ಆದರೆ ಅತ್ತೆಯ ಕಾಟಕ್ಕೆ ಹೋದಳು ಎಂದು ಮಾತ್ರ ಹೇಳಬೇಡಿ.

ಇಂತಿ,
ಇಂದೂ

ತಾ.ಕ.: ಹೋದ ಗುರುವಾರ ಅನಸೂಯಾಬಾಯಿಯವರು, ನಿಮ್ಮ ತಾಯಿ, ನಿಮಗೆ ತಿಳಿಸದೆ ಒಬ್ಬರೇ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದರು. ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದರು: "ಮೊದ್ಲ ನಾ ಬ್ಯಾಡ ಅಂದದ್ದು ಖರೇ, ಇಂದೂ. ಆದ್ರ ನೀ ಚೀರೋದು ಕೇಳಿ, ಪದ್ಧತಿ ಸುಡ್ಲಿ, ಒಯ್ಯೋ ಮುಕುಂದಾ ಅಂತ ಜೀಪಿನ ಚಾವಿ ನಾನೇ ಅವನ ಕೈಯಾಗ ಇಟ್ಟೆ. ನೀರು ದಾಟಿದ್ರ ಏನರೆ ಆದೀತು, ಬ್ಯಾಡವ್ವಾ ಅಂತ ಅವನೇ ಚಾವಿ ತಿರುಗಿ ಕೊಟ್ಟ."

ಇದು ಸುಳ್ಳಾಗಿದ್ದರೆ ಮಾತ್ರ ಉತ್ತರ ಬರೆಯಿರಿ.